ಉರುಟು ಚುಕ್ಕಿಗಳೂ ಪೂವಕ್ಕನ ಮಾತ್ರೆಗಳೂ

ಮೂವತ್ತಾರು ವರ್ಷ ನಾನು ಪರರ ಉಗುಳನ್ನು ಸಾಕಿದ್ದೇನೆ. ಕೆಲವರು ದನ ಸಾಕುತ್ತಾರೆ, ಕೆಲವರು ಜೇನು ಸಾಕುತ್ತಾರೆ, ನನ್ನ ಪಾಲಿಗೆ ಇದು ಬಂತು. ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯ ಹಿಂಬದಿಯಲ್ಲಿ, ಜನರೇಟರಿನ ಗೂಡಿಗೂ ಬಟ್ಟೆ ಒಣಗಿಸುವ ತಂತಿಗೂ ನಡುವೆ, ‘ಪ್ರಯೋಗಾಲಯ’ ಎಂದು ಬರೆದ ಒಂದು ಬಾಗಿಲಿತ್ತು. ಅದರೊಳಗೆ ಲ್ಯಾಬ್ ಟೆಕ್ನೀಷಿಯನ್ ಆಗಿ ಹೋದೆ, ಸೀನಿಯರ್ ಲ್ಯಾಬ್ ಟೆಕ್ನೀಷಿಯನ್ ಆಗಿ ಹೊರಬಂದೆ. ನಡುವಿನ ಬಡ್ತಿಯ ಕಥೆ ಇಷ್ಟೆ: ಒಂದು ಶಬ್ದ ಹೆಚ್ಚಾಯಿತು.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಸವಣೂರಿನ ನಮ್ಮ ಮನೆಗೆ ಬಂದು, “ಲಲಿತಕ್ಕ, ಇದರಲ್ಲಿ ಕಷ್ಟ ಎಂತ ಉಂಟು?” ಎಂದು ಕೇಳುತ್ತಾರೆ. ಯಂತ್ರದ ವಿಷಯ ನನ್ನಲ್ಲಿ ಕೇಳಬೇಡಿ, ಅದು ನಿಮಗೇ ಹೆಚ್ಚು ಗೊತ್ತು. ನನಗೆ ಗೊತ್ತಿರುವ ಕಷ್ಟ ಒಂದೇ. ನಾವು ಬರೆದ ಒಂದು ಶಬ್ದದಿಂದ, ನಾವು ಕಂಡೇ ಇರದ ಒಂದು ಮನೆಯಲ್ಲಿ, ಒಬ್ಬರು ನಿಜ ಹೇಳುವವರೋ ಸುಳ್ಳು ಹೇಳುವವರೋ ಎಂದು ತೀರ್ಮಾನವಾಗಿಬಿಡುತ್ತದೆ. ನಾನು ಬರೆದ ಒಂದು ಶಬ್ದದಿಂದ ಮಂಡೆಕೋಲಿನ ಪೂವಕ್ಕ ಸುಳ್ಳುಗಾತಿಯಾದರು. ಅದನ್ನು ಹೇಳಲಿಕ್ಕೆಂದೇ ಕುಳಿತಿದ್ದೇನೆ. ಆದರೆ ನೇರ ಅಲ್ಲಿಗೆ ಹೋಗುವ ಧೈರ್ಯ ಸಾಲದು, ಸ್ವಲ್ಪ ಸುತ್ತಿ ಹೋಗುತ್ತೇನೆ.

ಬೆಳಗ್ಗೆ ಬಂದ ಕೂಡಲೇ ನನ್ನ ಮೊದಲ ಕೆಲಸ ಕಾವು ಪೆಟ್ಟಿಗೆಯ ಬಾಗಿಲು ತೆರೆಯುವುದು. ಮೈಯ ಬಿಸಿಯಷ್ಟೇ ಬೆಚ್ಚಗಿನ ಒಂದು ಉಸಿರು ಮುಖಕ್ಕೆ ಬಡಿಯುತ್ತಿತ್ತು. ಹುಳಿ ಬಂದ ದೋಸೆ ಹಿಟ್ಟಿನ ಪರಿಮಳ; ಅದರ ಹಿಂದೆ ಎಲ್ಲೋ ದೂರದಲ್ಲಿ ಕಳ್ಳಿನದ್ದು. ರೋಗಿಗಳ ಬಾಯಿಯಿಂದ, ಗಂಟಲಿನಿಂದ ಒರೆಸಿ ತಂದದ್ದನ್ನು ನಿನ್ನೆ ಪೋಷಕಾಂಶ ಹಾಕಿದ ಗಾಜಿನ ಪ್ಲೇಟಿಗೆ ಸವರಿಟ್ಟಿದ್ದರೆ, ಇವತ್ತು ಅಲ್ಲಿ ಬಿಳಿ ಚುಕ್ಕಿಗಳು ಎದ್ದಿರುತ್ತಿದ್ದವು. ಒಂದೊಂದು ಚುಕ್ಕಿಯೂ ಲಕ್ಷಾಂತರ ಯೀಸ್ಟುಗಳ, ಎಂದರೆ ಕಣ್ಣಿಗೆ ಕಾಣದ ಬೂಷ್ಟಿನ ಕಣಗಳ, ಒಂದೊಂದು ಊರು. ಬಟ್ಟೆಯ ತಂತಿಯ ಮೇಲಿನಿಂದ ಬಿಸಿಲು ಕಿಟಕಿಯೊಳಗೆ ಜಾರುವ ಹೊತ್ತಿಗೆ ಪ್ಲೇಟನ್ನು ಎತ್ತಿ ಹಿಡಿದು ನೋಡುತ್ತಾ ನಿಂತರೆ, ನಾನು ಪುತ್ತೂರಿನಲ್ಲಿದ್ದೇನೆ ಎಂಬುದು ಮರೆತುಹೋಗುತ್ತಿತ್ತು. ಈಗಲೂ ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಒರಗಿದರೆ ಅವು ಕಣ್ಣಿನೊಳಗೆ ತೇಲುತ್ತವೆ, ಕೆರೆಯ ಮೇಲಿನ ಹೂಗಳ ಹಾಗೆ. ರೋಗ ಅಷ್ಟು ಚೆಂದ ಇರುತ್ತದೆ ಎಂದು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ.

ನಾನು ಸೇರಿದ ಕಾಲದಲ್ಲಿ ಆ ಯೀಸ್ಟಿನ ಕುಲ ಗುರುತಿಸುವುದು ಮೊಟ್ಟೆಯಿಂದ. ಮೊಟ್ಟೆಯ ಬಿಳಿ ಲೋಳೆಯಲ್ಲಿ ಒಂದು ಚುಕ್ಕಿ ಕದಡಿ ಎರಡು ಮೂರು ಗಂಟೆ ಬೆಚ್ಚಗೆ ಇಟ್ಟರೆ, ಒಂದು ಕುಲದ್ದಕ್ಕೆ ಮಾತ್ರ ಪುಟ್ಟ ಬಾಲ ಬರುತ್ತದೆ. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಶಬ್ದಕ್ಕೂ ಪ್ರವೇಶವಿರಲಿಲ್ಲ. ಹಾಗಿದ್ದರೂ ವಿಜ್ಞಾನದ ಸೇವೆಗಾಗಿ ನಾನು ಪ್ರತಿ ಮಂಗಳವಾರ ಬಸ್ಸಿಳಿದು, ಕಾಗದದಲ್ಲಿ ಸುತ್ತಿದ ಒಂದೇ ಒಂದು ಮೊಟ್ಟೆಯನ್ನು ಅಂಗಡಿಯಿಂದ ಒಯ್ಯುತ್ತಿದ್ದೆ.

ಅಂಗಡಿಯವನು ಕೆಲವು ವಾರ ಸಹಿಸಿಕೊಂಡು, ಒಂದು ದಿನ ಕೇಳಿಯೇಬಿಟ್ಟ. “ಒಂದೇ ಸಾಕಾ ಅಕ್ಕ? ಮನೆಯಲ್ಲಿ ಎಷ್ಟು ಜನ ಇರುದು?”

“ಕೋಟಿಗಟ್ಟಲೆ ಮಾರಾಯ. ಆದ್ರೆ ತಿನ್ನುದು ಕಮ್ಮಿ.”

ಇನ್ನೊಂದು ದಿನ ಕರೆಂಟು ಹೋಯಿತು, ಜನರೇಟರು ಎಂದಿನಂತೆ ಕೆಮ್ಮಿ ಮಲಗಿತು. ಮೊಟ್ಟೆಯ ಲೋಳೆಯ ನಳಿಕೆಗಳು ತಣ್ಣಗಾದರೆ ಬಾಲ ಬರುವುದಿಲ್ಲ. ಅವನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡು ಸ್ಟೂಲಿನಲ್ಲಿ ಕುಳಿತೆ. ಆಸ್ಪತ್ರೆ ಕಟ್ಟಿಸಿದವರೂ, ರೋಗಿಗಳನ್ನು ನೋಡುವವರೂ, ನನ್ನ ರಿಪೋರ್ಟಿಗೆ ಸಹಿ ಹಾಕುವವರೂ ಒಬ್ಬರೇ ಆಗಿದ್ದರು. ನಾವೆಲ್ಲ ಅವರನ್ನು ದೊಡ್ಡ ಡಾಕ್ಟ್ರು ಎನ್ನುತ್ತಿದ್ದೆವು. ಅವರು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು.

“ಎಂತ ಲಲಿತಾ, ಹೊಟ್ಟೆನೋವಾ?”

“ಇಲ್ಲ ಸರ್. ಕಾವಿಗೆ ಕೂತದ್ದು.”

ಅವರು ನಗಲಿಲ್ಲ. ಅವರು ನಗುವುದು ಆಸ್ಪತ್ರೆಯ ನಿಯಮಕ್ಕೆ ವಿರುದ್ಧವಾಗಿತ್ತು. “ಬಾಲ ಬಂದ ಮೇಲೆ ಕರೀರಿ,” ಎಂದು ಹೋದರು. (ಮಕ್ಕಳೇ, ನೀವು ಹೀಗೆ ಮಾಡಬೇಡಿ. ನಳಿಕೆ ಒಡೆದಿದ್ದರೆ ಇದನ್ನು ಬರೆಯಲು ಬೇರೆಯವರು ಬೇಕಾಗುತ್ತಿತ್ತು.)

ಇನ್ನು ಆರಿಸುವ ವಿಷಯ. ಪ್ಲೇಟಿನಲ್ಲಿ ನೂರು ಚುಕ್ಕಿ ಇದ್ದರೆ ಪರೀಕ್ಷೆಗೆ ಒಂದನ್ನು ತಂತಿಯ ತುದಿಯಲ್ಲಿ ಎತ್ತಿಕೊಳ್ಳಬೇಕು. ಅದನ್ನು ಹೊಸ ಪ್ಲೇಟಿನ ತುಂಬ ಸವರಿ, ನಡುವೆ ಮದ್ದು ಹೀರಿದ ಪುಟ್ಟ ಕಾಗದದ ಬಿಲ್ಲೆ ಇಡುವುದು. ಮದ್ದು ನಾಟುವುದಾದರೆ ಬಿಲ್ಲೆಯ ಸುತ್ತ ಯೀಸ್ಟು ಬೆಳೆಯುವುದಿಲ್ಲ, ಚಂದ್ರನ ಸುತ್ತ ಕಟ್ಟಿದ ಬಳೆಯ ಹಾಗೆ ಒಂದು ಖಾಲಿ ವರ್ತುಲ ಕಾಣುತ್ತದೆ. ಆಗ ‘ಸೆನ್ಸಿಟಿವ್’ ಎಂದು ಬರೆಯುವುದು. ಬಿಲ್ಲೆಯ ಬುಡದವರೆಗೂ ಬೆಳೆದರೆ ‘ರೆಸಿಸ್ಟೆಂಟ್’. ಮದ್ದು ನಾಟುವುದಿಲ್ಲ ಎಂದರ್ಥ.

ದೊಡ್ಡ ಡಾಕ್ಟ್ರು ಮೊದಲ ದಿನವೇ ಹೇಳಿದ್ದರು, “ಶುದ್ಧವಾದ್ದನ್ನು ತೆಗೀರಿ. ಕಸ ಬೇಡ.” ಯಾವುದು ಶುದ್ಧ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನನಗೆ ಗೊತ್ತಿತ್ತು. ನಮ್ಮ ಅಡುಗೆಮನೆಯ ಮಾಡಿನಿಂದ ಬಾಳೆಬಳ್ಳಿಯಲ್ಲಿ, ಎಂದರೆ ಒಣಗಿದ ಬಾಳೆಯ ನಾರಿನಲ್ಲಿ, ಸಾಲಾಗಿ ಕಟ್ಟಿದ ಸೌತೆಕಾಯಿಗಳು ಮಳೆಗಾಲವಿಡೀ ನೇತಾಡುತ್ತಿದ್ದವು. ಬೀಜಕ್ಕೆ ಒಂದನ್ನು ತೆಗೆಯುವಾಗ ಅಜ್ಜಿ ನನ್ನನ್ನು ಸ್ಟೂಲಿಗೆ ಹತ್ತಿಸಿ ಹೇಳುತ್ತಿದ್ದರು: “ಉರುಟಾದ್ದನ್ನು ತೆಗಿ ಮಗ. ಮುರುಟಿದ್ದು ಬೀಜಕ್ಕಾಗುದಿಲ್ಲ.” ಸ್ಟೂಲು ಬದಲಾಯಿತು, ಕಾಯಿ ಬದಲಾಯಿತು, ಕೈ ಬದಲಾಗಲಿಲ್ಲ. ಪ್ಲೇಟಿನಲ್ಲೂ ನಾನು ಉರುಟಾದ್ದನ್ನೇ ಆರಿಸಿದೆ, ದುಂಡಗೆ, ನುಣ್ಣಗೆ, ಹೊಳೆಯುವ ಚುಕ್ಕಿಯನ್ನು. ಸಾಸಿವೆಯ ಕಾಲಂಶವೂ ಇಲ್ಲದ ಮಂಕು ಚುಕ್ಕಿಗಳನ್ನು ಮುಟ್ಟಲಿಲ್ಲ. ನನ್ನ ಪ್ಲೇಟುಗಳು ಎಷ್ಟು ಚೆಂದ ಎಂದು ಹೊರಗಿನಿಂದ ಬಂದವರೂ ಹೊಗಳುತ್ತಿದ್ದರು.

ಅಜ್ಜಿಯಿಂದ ಬಂದ ಇನ್ನೊಂದು ಬುದ್ಧಿಯೂ ನನ್ನಲ್ಲಿತ್ತು. ಉಳಿದದ್ದನ್ನು ಎಸೆಯಲಾರೆ. ಆರಿಸಿ ಮುಗಿದ ಮೇಲೆ, ವಿಶೇಷ ಅನ್ನಿಸಿದ ಪ್ಲೇಟಿನಲ್ಲಿ ಉಳಿದದ್ದನ್ನೆಲ್ಲ ತಂತಿಯಿಂದ ಗುಡಿಸಿ, ಒಂದು ಪುಟ್ಟ ನಳಿಕೆಯಲ್ಲಿ ಹಾಕಿ, ಹೆಸರು ಬರೆದು ಫ್ರಿಜ್ಜಿನ ಹಿಂಬದಿಗೆ ಸೇರಿಸುತ್ತಿದ್ದೆ. ದೊಡ್ಡ ಡಾಕ್ಟ್ರು ಅದಕ್ಕೆ ‘ಲಲಿತನ ಉಪ್ಪಿನಕಾಯಿ’ ಎಂದು ನಾಮಕರಣ ಮಾಡಿದ್ದರು.

ಇನ್ನು ಸುತ್ತಲು ದಾರಿ ಉಳಿದಿಲ್ಲ. ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ ಪೂವಕ್ಕ ಬಂದರು. ಮಂಡೆಕೋಲಿನ ಗೌಡರ ಮನೆಯವರು, ಐವತ್ತು ದಾಟಿದವರು, ಸಕ್ಕರೆ ಕಾಯಿಲೆ ಇತ್ತು. ಮನೆಯಲ್ಲಿ ಆ ಕಡೆಯ ಗೌಡರ ಅರೆಭಾಷೆ ಆಡುತ್ತಿದ್ದರು, ನನ್ನಲ್ಲಿ ಅದರದ್ದೇ ಒಗ್ಗರಣೆ ಹಾಕಿದ ಕನ್ನಡ. ಬಾಯಿಯಲ್ಲಿ, ಗಂಟಲಿನಲ್ಲಿ ಮೊಸರು ಮೆತ್ತಿದ ಹಾಗೆ ಬಿಳಿ ಬೂಷ್ಟು. ನುಂಗಿದರೆ ಮುಳ್ಳು ಚುಚ್ಚಿದಂತೆ ನೋವು. ಗಂಜಿಯ ತಿಳಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಮಾತ್ರೆ ಕೊಟ್ಟರೆ ಮೊದಲ ಸಲ ಹೋಯಿತು, ತಿಂಗಳಾದ ಮೇಲೆ ಮತ್ತೆ ಬಂತು. ಎರಡನೆಯ ಸಲ ಅರ್ಧ ಹೋಯಿತು. ಮೂರನೆಯ ಸಲ ಅಲ್ಲಾಡಲೇ ಇಲ್ಲ. ಆಗ ಪರೀಕ್ಷೆಗೆಂದು ನನ್ನಲ್ಲಿಗೆ ಕಳುಹಿಸಿದರು.

ನಾನು ಒರೆಸಿ ತೆಗೆದೆ, ಬೆಳೆಸಿದೆ, ಉರುಟಾದ್ದೊಂದನ್ನು ಆರಿಸಿದೆ. ಬಿಲ್ಲೆಯ ಸುತ್ತ ಎಂಥ ವರ್ತುಲ! ಹುಣ್ಣಿಮೆಯೇ. ಸಂಶಯಕ್ಕೆಂದು ಇನ್ನೊಮ್ಮೆ ಮಾಡಿದೆ; ಇನ್ನೊಂದು ಉರುಟಾದ್ದನ್ನು ತೆಗೆದೆ. ಇನ್ನೊಂದು ಹುಣ್ಣಿಮೆ. ‘ಸೆನ್ಸಿಟಿವ್’ ಎಂದು ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ.

ದೊಡ್ಡ ಡಾಕ್ಟ್ರು ಅದನ್ನು ಓದಿ ಪೂವಕ್ಕನಿಗೆ, “ಮದ್ದು ನಾಟ್ತದೆ ಅಂತ ಲ್ಯಾಬ್ ಹೇಳ್ತದೆ. ಹಾಗಾದ್ರೆ ನೀವು ನುಂಗುದಿಲ್ಲ,” ಎಂದರು.

ಮುಂದಿನ ಸಲ ಪೂವಕ್ಕ ಬರುವಾಗ ಚೀಲದಿಂದ ಒಂದು ಮಾಲೆ ತೆಗೆದರು. ಅಷ್ಟೂ ತಿಂಗಳ ಮಾತ್ರೆಯ ಖಾಲಿ ಪಟ್ಟಿಗಳನ್ನು ತೂತು ಮಾಡಿ, ಬಾಳೆಬಳ್ಳಿಯಲ್ಲಿ ಪೋಣಿಸಿ ತಂದಿದ್ದರು. ಬೆಳ್ಳಿಯ ಹಾಗೆ ಮಿಣಮಿಣ ಎನ್ನುತ್ತಿತ್ತು. ಅದನ್ನು ಡಾಕ್ಟ್ರ ಮೇಜಿನ ಮೇಲೆ ಇಟ್ಟರು.

“ಖಾಲಿ ಪಟ್ಟಿ ತೋರಿಸ್ಲಿಕ್ಕೆ ಯಾರಿಗೂ ಆಗ್ತದೆ. ಮಾತ್ರೆ ಕೋಳಿಗೆ ಹಾಕಿದ್ರೂ ಪಟ್ಟಿ ಖಾಲಿಯೇ,” ಎಂದರು ಡಾಕ್ಟ್ರು.

ಜೊತೆಗೆ ಬಂದಿದ್ದ ಸೊಸೆ ರೇವತಿ ಸಣ್ಣ ಸ್ವರದಲ್ಲಿ, “ಅತ್ತೆಗೆ ಮದ್ದು ಅಂದ್ರೆ ಮೊದಲಿಂದ್ಲೂ ಆಗುದಿಲ್ಲ ಡಾಕ್ಟ್ರೆ. ಎಲ್ಲಿಯೋ ಬಿಸಾಡ್ತಾರೆ ಅಂತ ನಂಗೂ ಕಾಣ್ತದೆ,” ಎಂದಳು.

ನಾನು ಇನ್ನೊಂದು ರಿಪೋರ್ಟಿಗೆ ಸಹಿ ಹಾಕಿಸಲು ಬಂದು ಅಲ್ಲೇ ನಿಂತಿದ್ದೆ. ಪೂವಕ್ಕ ನನ್ನ ಕಡೆ ತಿರುಗಿದರು. “ಲಲಿತಕ್ಕ, ನೀವಾದ್ರೂ ಹೇಳಿ. ನಾ ನುಂಗಿದ್ದು ಹೌದು. ಅದು ಯಾಕೆ ಹೋಗುದಿಲ್ಲ ಅಂತ ನಂಗೊತ್ತುಲ್ಲೆ.”

“ರಿಪೋರ್ಟಿನಲ್ಲಿ ಹಾಗೆ ಉಂಟು, ಪೂವಕ್ಕ,” ಎಂದೆ.

ಅವರು ಮಾಲೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಮತ್ತೆ ಬರಲಿಲ್ಲ.

ಅದಾಗಿ ಕೆಲವು ತಿಂಗಳ ಮೇಲೆ ಕಡಬದ ಮುಬೀನಾ ಬಂದಳು. ಮಂಗಳೂರಿನ ಕಡೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಮದ್ದಿಗೆ ಬಗ್ಗದ ಯೀಸ್ಟು ಬೇಕೆಂದು ಆಸ್ಪತ್ರೆಗಳ ಬಾಗಿಲು ಬಡಿಯುತ್ತಿದ್ದಳು.

“ನಮ್ಮಲ್ಲಿ ಎಲ್ಲ ಬಗ್ಗುದೇ,” ಎಂದೆ ಹೆಮ್ಮೆಯಿಂದ.

“ಹಾಗಿದ್ರೂ ಗುಣ ಆಗದವರು ಯಾರಾದ್ರೂ ಇದ್ರಾ ಅಕ್ಕ?”

ಉಪ್ಪಿನಕಾಯಿಯ ಸಾಲಿನಿಂದ ಪೂವಕ್ಕನ ನಳಿಕೆಯನ್ನು ತೆಗೆದುಕೊಟ್ಟೆ. ಮುಬೀನಾ ನನ್ನ ಮೇಜಿನಲ್ಲೇ ಅದನ್ನು ಪ್ಲೇಟಿಗೆ ಸವರಿದಳು. ನಾನು ಎರಡನೆಯ ದಿನ ನೋಡಿ ತೆಗೆದಿಡುವವಳು, ಅವಳು ನಾಲ್ಕು ದಿನ ಬಿಟ್ಟಳು. ಉರುಟು ಚುಕ್ಕಿಗಳ ನಡುವೆ ಎಲ್ಲೆಲ್ಲೂ ಮಂಕು ಹುಡಿ ಎದ್ದಿತ್ತು.

“ಇದು ಎಂತ ಅಕ್ಕ?”

“ಮುರುಟಿದ್ದು. ಅದನ್ನು ಬಿಡು.”

“ಬಿಡುದು ಯಾಕೆ?”

ಮೂವತ್ತನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಜ್ಜಿಯ ಹೆಸರು ಹೇಳಲು ನಾಚಿಕೆಯಾಗಿ ತಂತಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಒಂದು ಮಂಕು ಚುಕ್ಕಿಯನ್ನು ಎತ್ತಿ, ಸವರಿ, ಬಿಲ್ಲೆ ಇಟ್ಟಳು. ಮೂರು ದಿನ ಕಳೆದು ಕಾವು ಪೆಟ್ಟಿಗೆ ತೆರೆದಾಗ ನಾನೇ ಮೊದಲು ನೋಡಿದೆ. ಹುಣ್ಣಿಮೆ ಇರಲಿಲ್ಲ. ಯೀಸ್ಟು ಬಿಲ್ಲೆಯ ಬುಡದವರೆಗೂ ಬಂದು, ಅದಕ್ಕೆ ಒರಗಿ ಕುಳಿತಿತ್ತು. ಪ್ಲೇಟನ್ನು ಹಿಡಿದೇ ಸ್ಟೂಲಿನಲ್ಲಿ ಕುಳಿತೆ. ಹೊರಗೆ ತಂತಿಯ ಮೇಲೆ ಆಸ್ಪತ್ರೆಯ ಬಿಳಿ ಹೊದಿಕೆಗಳು ನಿಧಾನ ಉಬ್ಬುತ್ತಿದ್ದವು, ಇಳಿಯುತ್ತಿದ್ದವು.

ಮುಬೀನಾ ಅದನ್ನು ಒಯ್ದಳು. ಅವಳು ಖಚಿತ ಮಾಡಿ ಬರಲಿ ಎಂಬ ನೆಪದಲ್ಲಿ ನಾನು ಯಾರಿಗೂ ಹೇಳಲಿಲ್ಲ. ಮತ್ತೆ ಬಂದದ್ದು ಐದಾರು ತಿಂಗಳ ಮೇಲೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಗೋಳಿಬಜೆಯ ಪ್ಲೇಟನ್ನು ನಡುವೆ ಇಟ್ಟುಕೊಂಡು ನನಗೆ ಪಾಠ ಮಾಡಿದಳು.

“ಯೀಸ್ಟಿನ ಒಳಗೆ ಅದರ ವಂಶದ ಬರಹ ಉಂಟಲ್ಲ ಅಕ್ಕ, ಅದರಲ್ಲಿ ಕೆಲವು ತುಣುಕುಗಳು ಒಂದೇ ಕಡೆ ಕೂರುದಿಲ್ಲ. ತನ್ನ ನಕಲು ಮಾಡಿ, ಅದನ್ನು ಬೇರೆಲ್ಲಿಯೋ ತುರುಕುತ್ತವೆ. ಮಾಮೂಲು ದಿನದಲ್ಲಿ ಯೀಸ್ಟು ಅವನ್ನು ಅದುಮಿ ಇಡ್ತದೆ. ಮದ್ದು ಬಿದ್ದು ಜೀವಕ್ಕೇ ಬಂದಾಗ ಆ ಹಿಡಿತ ಸಡಿಲ ಆಗುದುಂಟು.”

“ಅಂದ್ರೆ ಮದ್ದೇ ಅವನ್ನು ಎಬ್ಬಿಸುದಾ?”

“ಎಲ್ಲ ಯೀಸ್ಟಿನಲ್ಲಿ ಹಾಗಲ್ಲ, ಎಲ್ಲ ಮದ್ದಿಗೂ ಅಲ್ಲ. ಕೆಲವು ಕಡೆ ಏನೂ ಆಗುದಿಲ್ಲ. ನಿಮ್ಮ ಈ ಪೂವಕ್ಕನದ್ದಕ್ಕೆ ಮದ್ದು ಹಾಕಿದ್ರೆ ಹಾರಾಟ ಜಾಸ್ತಿ ಆಗುದು ನಾನೇ ನೋಡಿದ್ದೇನೆ. ಹೆಚ್ಚಿನ ಸಲ ಹಾರಿದ್ದು ತಪ್ಪು ಜಾಗದಲ್ಲಿ ಕೂತು ಆ ಯೀಸ್ಟೇ ಸಾಯ್ತದೆ. ಇದರಲ್ಲಿ ಒಂದು ಹೋಗಿ ಪಂಪಿನ ಪಕ್ಕ ಕೂತಿದೆ.”

“ಯೀಸ್ಟಿಗೆ ಪಂಪಾ?”

“ಒಳಗೆ ಬಂದ ಮದ್ದನ್ನು ಹೊರಗೆ ಎಸೆಯುವ ಪಂಪು. ಬೇಕಾದಾಗ ಮಾತ್ರ ಓಡ್ಬೇಕಾದ್ದು. ಈ ತುಣುಕು ಸ್ವಿಚ್ಚಿನ ಮೇಲೆಯೇ ಕೂತು ಬಿಟ್ಟಿದೆ. ಈಗ ನಿಲ್ಲುದೇ ಇಲ್ಲ. ದಿನವಿಡೀ ಪಂಪು ಓಡಿಸುವವನಿಗೆ ಮೈ ಬೆಳೀತದಾ? ಅದಕ್ಕೇ ಮುರುಟಿದ್ದು. ಮದ್ದಿಲ್ಲದ ನಿಮ್ಮ ಪ್ಲೇಟಿನಲ್ಲಿ ಉರುಟಾದ್ದು ಗೆಲ್ತದೆ. ಮದ್ದು ತುಂಬಿದ ಅವರ ಬಾಯಿಯಲ್ಲಿ ಇದೇ ರಾಜ.”

ನನ್ನ ಗೋಳಿಬಜೆ ತಣ್ಣಗಾಗಿತ್ತು. ಒಂದೇ ಮಾತು ಕೇಳಿದೆ. “ಮಾತ್ರೆ ನುಂಗದವರ ಬಾಯಿಯಲ್ಲಿ ಇದು ಹೀಗೆ ತುಂಬ್ತದಾ?”

ಅವಳು ಯೋಚಿಸಿ ಹೇಳಿದಳು. “ತುಂಬುದು ಕಷ್ಟ ಅಕ್ಕ. ಮದ್ದಿಲ್ಲದಿದ್ರೆ ಉರುಟಾದ್ದು ಇದನ್ನು ಬದುಕ್ಲಿಕ್ಕೇ ಬಿಡುದಿಲ್ಲ. ಅವರು ಸರಿಯಾಗಿ ನುಂಗಿದ್ದಾರೆ. ತಿಂಗಳುಗಟ್ಟಲೆ.”

ಮುಬೀನಾ ತಂದಿದ್ದ ಎರಡು ಪ್ಲೇಟುಗಳನ್ನು, ಉರುಟಾದ್ದರದ್ದೊಂದು, ಮುರುಟಿದ್ದರದ್ದೊಂದು, ಹಿಡಿದು ದೊಡ್ಡ ಡಾಕ್ಟ್ರ ಕೋಣೆಗೆ ಹೋದೆ. ಅಲ್ಲಿಗೆ ಹೋಗುವ ಆ ಉದ್ದದ ಓಣಿ ಅವತ್ತು ಮುಗಿಯಲೇ ಇಲ್ಲ ಎಂದು ನನ್ನ ನೆನಪು. ನಿಂತಿದ್ದ ರೋಗಿಗಳ ಬಾಯಿಗಳನ್ನೇ ನೋಡುತ್ತಾ ನಡೆದೆ. ಹಾಗೆ ನಾನು ಬಿಟ್ಟ ಮಂಕು ಚುಕ್ಕಿಗಳು ಇನ್ನೆಷ್ಟು ಮನೆಗಳಲ್ಲಿ ಇದ್ದಾವು?

ಡಾಕ್ಟ್ರು ಪ್ಲೇಟುಗಳನ್ನು ಬೆಳಕಿಗೆ ಹಿಡಿದರು. “ಎಷ್ಟು ವರ್ಷದಿಂದ ಹೀಗೆ ಆರಿಸಿದ್ದು?”

“ಸೇರಿದ ದಿನದಿಂದ ಸರ್. ಶುದ್ಧವಾದ್ದನ್ನು ತೆಗಿ ಅಂತ ನೀವು ಹೇಳಿದಿರಿ, ಉರುಟಾದ್ದನ್ನು ತೆಗಿ ಅಂತ ನನ್ನ ಅಜ್ಜಿ. ನಾನು ಇಬ್ಬರ ಮಾತನ್ನೂ ಮೀರಲಿಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೋಳಿಯ ಮಾತು ನಾನು ಹೇಳಬಾರದಿತ್ತು,” ಎಂದರು. ಅಷ್ಟೆ. ಆಮೇಲೆ ಪೂವಕ್ಕನ ಮನೆಗೆ ಫೋನು ಮಾಡಿಸಿದರು. ರೇವತಿ ತೆಗೆದು, “ಅತ್ತೆ ಇನ್ನು ಆ ಆಸ್ಪತ್ರೆಗೆ ಬರುದಿಲ್ಲವಂತೆ,” ಎಂದಳು. ಬೇರೆ ಮದ್ದು ಉಂಟು, ಬನ್ನಿ ಎಂದು ಡಾಕ್ಟ್ರು ಕೈಯಾರೆ ಒಂದು ಚೀಟಿ ಬರೆದು ನನಗೆ ಕೊಟ್ಟರು. ಸುಳ್ಯಕ್ಕೆ ಹೋಗಿ, ಅಲ್ಲಿಂದ ಮಂಡೆಕೋಲಿನ ಬಸ್ಸು ಹತ್ತಿದೆ. ಕಿಟಕಿಯ ಬದಿಯಲ್ಲಿ ಕುಳಿತು ಹೇಳಬೇಕಾದ್ದನ್ನು ಎಷ್ಟು ಸಲ ಕಟ್ಟಿದೆನೋ. ತಿರುವು ಬಂದ ಹಾಗೆ ಎಲ್ಲ ಕಳಚಿ ಬೀಳುತ್ತಿತ್ತು.

ಪೂವಕ್ಕ ಜಗಲಿಯಲ್ಲಿ ಸೌತೆಕಾಯಿಗಳ ನಡುವೆ ಕುಳಿತು ಬಾಳೆಬಳ್ಳಿ ನೆನೆಸುತ್ತಿದ್ದರು. ಅರ್ಧ ಆಗಿದ್ದರು. ರವಕೆಯ ತೋಳು ಜೋತುಬಿದ್ದಿತ್ತು.

“ಓ, ಲಲಿತಕ್ಕನಾ? ಬನ್ನಿ. ಆಸರಿಗೆ ಎಂತ ಕುಡಿತೀರಿ?” ಸ್ವರ ತರಗೆಲೆಯ ಮೇಲೆ ನಡೆದ ಹಾಗೆ ಬಂತು.

“ಏನೂ ಬೇಡ ಪೂವಕ್ಕ. ನೀವು ನುಂಗಿದ್ದು ಹೌದು. ಅದನ್ನು ಹೇಳ್ಲಿಕ್ಕೆ ಬಂದೆ.”

ಅವರ ಕೈ ನೀರಿನಲ್ಲೇ ನಿಂತಿತು. “ನಂಗೆ ಹೇಳಿ ಎಂತ ಪ್ರಯೋಜನ? ನಂಗೆ ಗೊತ್ತುಟ್ಟು. ಅವಳ ಎದುರು ಹೇಳಿ.” ಒಳಗೆ ತಿರುಗಿ, “ರೇವತೀ, ಇಲ್ಲಿ ಬಾ,” ಎಂದು ಕರೆದರು.

ರೇವತಿ ಬಂದು ಕಂಬಕ್ಕೆ ಒರಗಿ ನಿಂತಳು. ನಾನು ಹೇಳಿದೆ: ತಪ್ಪು ನನ್ನದು, ಬೂಷ್ಟಿನಲ್ಲಿ ಎರಡು ಬಗೆ ಇತ್ತು, ನಾನು ಚೆಂದದ್ದನ್ನು ಮಾತ್ರ ನೋಡಿದೆ. ಇನ್ನೊಂದಕ್ಕೆ ಮದ್ದು ನಾಟುವುದಿಲ್ಲ. ಅತ್ತೆ ಮಾತ್ರೆ ತಪ್ಪಿಸಿದ್ದರೆ ಆ ಇನ್ನೊಂದು ಅಷ್ಟು ಬೆಳೆಯುತ್ತಲೇ ಇರಲಿಲ್ಲ. ಡಾಕ್ಟ್ರ ಚೀಟಿಯನ್ನು ಅವಳ ಕೈಗೆ ಕೊಟ್ಟೆ.

“ಅಂದ್ರೆ ಬೂಷ್ಟು ಅತ್ತೆಯ ಪರ ಸಾಕ್ಷಿ ಹೇಳುದಾ?” ಎಂದಳು ರೇವತಿ.

“ಹೌದು ಮಗ. ನಾನು ಹೇಳದ್ದನ್ನು ಅದು ಹೇಳಿತು.”

ರೇವತಿ ಒಳಗೆ ಹೋದಳು. ಹೋದವಳು ಬರಲಿಕ್ಕಿಲ್ಲ ಎಂದುಕೊಂಡೆ. ಬಂದಳು, ಕೈಯಲ್ಲಿ ಆ ಮಾತ್ರೆಪಟ್ಟಿಯ ಮಾಲೆ. “ಬಿಸಾಡಿ ಅಂತ ಎಷ್ಟು ಸಲ ಹೇಳಿದೆ ನಾನು,” ಎಂದು ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಅದನ್ನು ಅವರ ಮಡಿಲಿಗೆ ಹಾಕಿದಳು. “ಈ ವಾರವೇ ಪುತ್ತೂರಿಗೆ ಹೋಗುವ ಅತ್ತೆ. ನಾನೇ ಕರ್ಕೊಂಡು ಹೋಗ್ತೇನೆ.”

ಪೂವಕ್ಕ ಮಾಲೆಯ ಗಂಟು ಬಿಚ್ಚಿ, ಪಟ್ಟಿಗಳನ್ನು ಒಂದೊಂದಾಗಿ ಕಳಚಿ ರೇವತಿಯ ಕೈಗೆ ಹಾಕಿದರು. ಉಳಿದ ಬಾಳೆಬಳ್ಳಿಯನ್ನು ನೀರಿಗೆ ಅದ್ದಿ, ಒಂದು ಸೌತೆಕಾಯಿಗೆ ಸುತ್ತಿ, ಹಿಡಿಯುವಂತೆ ಗಂಟು ಹಾಕಿ ನನ್ನ ಕೈಗಿತ್ತರು. ಕಾಯಿ ದುಂಡಗಿತ್ತು.

“ಬೀಜಕ್ಕಾ?” ಎಂದು ಅಭ್ಯಾಸಬಲದಿಂದ ಕೇಳಿದೆ.

“ಹುಳಿಗೆ,” ಎಂದರು ಪೂವಕ್ಕ. “ಬೀಜಕ್ಕೆ ಆರಿಸುದು ಇನ್ನು ನಿಮಗೆ ಬೇಡ.”

ಆ ವಾರ ಅತ್ತೆ ಸೊಸೆ ಇಬ್ಬರೂ ಬಂದರು. ಬೇರೆ ಜಾತಿಯ ಮದ್ದನ್ನು ಡ್ರಿಪ್ಪಿನಲ್ಲಿ ಕೊಟ್ಟರು. ಅದನ್ನು ಹೊರಗೆ ಎಸೆಯುವುದು ಆ ಪಂಪಿನ ಕೈಯಲ್ಲಿ ಆಗುವಂಥದ್ದಲ್ಲ ಎಂದು ಮುಬೀನಾ ಮೊದಲೇ ಹೇಳಿದ್ದಳು. ಮನೆಗೆ ಹೊರಡುವ ದಿನ ಪೂವಕ್ಕ ಲ್ಯಾಬಿನ ಬಾಗಿಲಿಗೆ ಬಂದು, ಬಾಯಿ ಅಗಲ ತೆರೆದು ನಿಂತರು. ಕೆಂಪು ನಾಲಿಗೆ. ಒರೆಸಿ ತೆಗೆದು ಪ್ಲೇ‌ಟಿಗೆ ಸವರಿಟ್ಟೆ. ಎರಡನೆಯ ದಿನ ನೋಡಿದೆ, ಎಂದಿನ ಹಾಗೆ ತೆಗೆದಿಡದೆ ನಾಲ್ಕನೆಯ ದಿನವೂ ನೋಡಿದೆ. ಉರುಟಾದ್ದಿಲ್ಲ, ಮುರುಟಿದ್ದಿಲ್ಲ. ಬಿಸಿಲಿಗೆ ಎತ್ತಿ ಹಿಡಿದರೆ ಅದರ ಮೂಲಕ ಹೊರಗಿನ ಬಟ್ಟೆಯ ತಂತಿ ಕಾಣುತ್ತಿತ್ತು. ಮೂವತ್ತಾರು ವರ್ಷದಲ್ಲಿ ನಾನು ಕಂಡ ಅತಿ ಚೆಂದದ ಪ್ಲೇಟು ಅದು. ಆರಿಸಲಿಕ್ಕೆ ಅದರಲ್ಲಿ ಏನೂ ಇರಲಿಲ್ಲ.